ದೇವರ ನೆತ್ತಿಯ ಮೇಲಿನ ಹಂಚು

ಪುಣೆಯ ಕಸಬಾ ಪೇಟೆಯ ಮೇಲೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಮುಠಾ ನದಿಯ ಕಡೆಯಿಂದ ಬೀಸುವ ಗಾಳಿಯಲ್ಲಿ ರಾತ್ರಿಯ ತಂಪು ಒಂದಿಷ್ಟು ಉಳಿದಿದೆ. ಕೃಷ್ಣಾಜಿಪಂತರ ವಾಡೆಯ ಛಾವಣಿಯ ಮೇಲೆ, ಕಚ್ಚೆ ಬಿಗಿದು ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಹಂಚೊಂದನ್ನು ಎತ್ತುತ್ತಾಳೆ, ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ, ಕಿವಿಗೊಡುತ್ತಾಳೆ. ಠಣ್ ಅಂದ ಗಟ್ಟಿ ಹಂಚು ಎಡಕ್ಕೆ, ಥಪ್ ಅಂದ ಒಡಕು ಬಲಕ್ಕೆ. ಕೆಳಗೆ ಮಲಗಿದವರ ನಿದ್ದೆಯೊಳಗೆ ಈ ಸದ್ದು ಹೇಗೆ ಕೇಳಿಸುತ್ತದೋ ಏನೋ, ಯಾರೂ ಎದ್ದು ಬೈದಿಲ್ಲ.

ಇವಳು ಭೀಮವ್ವ. ಊರು ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಮಗ್ಗುಲಿನ ಒಂದು ಹಳ್ಳಿ. ಬೇಸಗೆ ಬಂತೆಂದರೆ ಪುಣೆಯ ಹಳೇ ಪೇಟೆಗಳಲ್ಲಿ ಹಂಚು ಕೈಯಾಡಿಸುವುದು ಇವಳ ಕಸುಬು. ನಾಡಹಂಚಿನ ಮನೆ ಎಂದ ಮೇಲೆ ಈ ಸೇವೆ ವರ್ಷ ವರ್ಷವೂ ನಡೆಯಲೇಬೇಕು. ಬೆಕ್ಕು ಓಡಾಡಿ, ಮಂಗ ಕುಣಿದು, ಗಾಳಿ ಹೊಡೆದು ಹಂಚು ಜಾರಿರುತ್ತವೆ. ಸಂದಿಯಲ್ಲಿ ಎಲೆ ಕೊಳೆತು ಮಣ್ಣಾಗಿರುತ್ತದೆ. ಎಲ್ಲವನ್ನೂ ಎತ್ತಿ, ಗುಡಿಸಿ, ಒಡಕು ತೆಗೆದು, ಒಂದರ ಬಾಯಿ ಇನ್ನೊಂದರ ಬೆನ್ನ ಮೇಲೆ ಬರುವಂತೆ ಮತ್ತೆ ಹೊದಿಸಬೇಕು. ದಿನಕ್ಕೆ ಒಂದು ಅಂಕಣ ಮುಗಿದರೆ ದೊಡ್ಡ ಮಾತು. ಬಿಸಿಲೇರಿ ಹಂಚು ಕಾದರೆ ಅಂಗಾಲು ಸುಡುತ್ತದೆ. ಆಗ ಇಳಿದುಬಿಟ್ಟರೆ ಮತ್ತೆ ಹತ್ತುವುದು ಸಂಜೆಗೇ. ಸೊಸೆ ಚನ್ನಬಸವ್ವ ಏಣಿಯ ಮೇಲೆ ನಿಂತು ಹಂಚು ಕೊಡುತ್ತಾಳೆ, ಒಡೆದವನ್ನು ಇಳಿಸಿಕೊಳ್ಳುತ್ತಾಳೆ.

"ಕೌಲವಾಲಿ ಆಲೀ!", ಹಂಚಿನವಳು ಬಂದಳು, ಎಂದು ಯಾರಾದರೂ ಮರಾಠಿಯಲ್ಲಿ ಕೂಗಿದರೆ ಸಾಕು, ಅಂಗಳದಲ್ಲಿ ಸಂಡಿಗೆ ಒಣಹಾಕಿದ ಹೆಂಗಸರು ಚಾಪೆಯ ಸಮೇತ ಕಾಲಿಗೆ ಬುದ್ಧಿ ಹೇಳುತ್ತಾರೆ. ಹಂಚು ಎತ್ತಿದಾಗ ಉದುರುವ ಧೂಳಿಗೆ ಹಪ್ಪಳವೂ ಒಂದೇ, ತೊಳೆದು ಹರವಿದ ಕೌದಿಯೂ ಒಂದೇ. "ನಾ ಹ್ವಾದ ಮನ್ಯಾಗ ಹೆಂಗಸರು ಬೈದ ಬೈತಾರ್ರಿ. ಮಳಿ ಬಂದ ದಿನಾ ಮಾತ್ರ ಅವ್ವಾ ಭೀಮವ್ವಾ ಅಂತಾರ," ಎಂದು ಅವಳು ನಗುತ್ತಾಳೆ. ಎಲೆಯಡಿಕೆಯಿಂದ ಕೆಂಪಾದ ಹಲ್ಲು, ಸುಣ್ಣ ತಿಂದ ಬೆರಳು, ಕೊರಕಲಾದ ದನಿ. ಆ ನಗುವಿನಲ್ಲಿ ಏನೋ ಒಂದು ಸುಖವಿದೆ.

ಮೊದಲು ಈ ಕೆಲಸ ಗಂಡ ರಾಮಲಿಂಗಪ್ಪನದಾಗಿತ್ತು. ದೊಡ್ಡ ಯುದ್ಧ ಮುಗಿದ ಮೇಲೆ ಹೊಟ್ಟೆಪಾಡಿಗೆಂದು ಇಬ್ಬರೂ ಇಲ್ಲಿಗೆ ಬಂದರು, ಕುಂಬಾರವಾಡೆಯ ಹಿಂದೆ ಒಂದು ಖೋಲಿ ಹಿಡಿದರು. ಒಂದು ಬೇಸಗೆಯಲ್ಲಿ ಅವನು ಸೂರಿನಿಂದ ಜಾರಿ ಬಿದ್ದ, ಸೊಂಟ ಹೋಯಿತು. ಒಪ್ಪಿಕೊಂಡ ಮನೆಗಳು ಬಾಯಿ ತೆರೆದುಕೊಂಡು ಹಾಗೇ ಇದ್ದವು. ಆಕಾಶದಲ್ಲಿ ಮೋಡ ಕೂಡುತ್ತಿತ್ತು. ಭೀಮವ್ವ ಗಂಡನನ್ನು ಮಲಗಿಸಿ ಏಣಿ ಹೆಗಲಿಗೇರಿಸಿಕೊಂಡು ಹೊರಟಳು. ಓಣಿ ನಕ್ಕಿತು. ಆ ಮಳೆಗಾಲದಲ್ಲಿ ಯಾವ ಮನೆಯೂ ಸೋರಲಿಲ್ಲ, ನಗುವುದನ್ನು ಓಣಿ ತಾನಾಗಿ ಬಿಟ್ಟಿತು.

"ಬ್ಯಾಸಗ್ಯಾಗ ಕನಸಿನ್ಯಾಗೂ ಹಂಚ ಬರ್ತಾವ್ರಿ," ಎನ್ನುತ್ತಾಳೆ. "ಒಂದ್ ಸೂರಿನಿಂದ ಇನ್ನೊಂದ್ ಸೂರಿಗೆ ಕಾಲಿಡ್ಕೋತ ಹೊಂಟಿರ್ತೀನಿ. ಕೆಳಗ ಇಳಿಯಂಗೇ ಇಲ್ಲ. ಹಂಗ ನಡ್ಕೋತ ನಡ್ಕೋತ ನಮ್ಮೂರು ಮುಟ್ಟಿಬಿಡ್ತೀನ್ರಿ. ನಮ್ಮವ್ವ ಅಂಗಳದಾಗ ನಿಂತು, ಇಳೀ ಮಗಳ, ರೊಟ್ಟಿ ಆರತಾವು ಅಂತಾಳ." ಅಷ್ಟು ಹೇಳಿ ಅವಳು ಮತ್ತೊಂದು ಹಂಚು ಬಡಿಯುತ್ತಾಳೆ. ದೂರದಲ್ಲಿ ಪರ್ವತಿಯ ಗುಡ್ಡ ಮಂಜಿನಿಂದ ಮೆಲ್ಲಗೆ ಹೊರಬರುತ್ತಿದೆ, ನಡುವೆ ಇಡೀ ಊರಿನ ಕೆಂಪು ಸೂರುಗಳು ಒಂದಕ್ಕೊಂದು ಆತು ಮಲಗಿವೆ. ಇಲ್ಲಿಂದ ನೋಡಿದರೆ ಆ ಕನಸು ಅಷ್ಟೇನೂ ಸುಳ್ಳು ಅನ್ನಿಸುವುದಿಲ್ಲ.

ಆದರೆ ಈ ವರ್ಷ ಭೀಮವ್ವನ ಮನಸ್ಸು ನೆಟ್ಟಗಿಲ್ಲ. ಅದಕ್ಕೆ ಕಾರಣ ಇದೇ ವಾಡೆ. ಕೃಷ್ಣಾಜಿಪಂತರು ಮೂಲತಃ ಧಾರವಾಡ ಕಡೆಯವರು, ಕಚೇರಿಯಲ್ಲಿ ಕಾರಕೂನರು, ದೇವರು ದಿಂಡರೆಂದರೆ ಪ್ರಾಣ. ಕಳೆದ ವರ್ಷದವರೆಗೆ ಇಡೀ ಛಾವಣಿ ಭೀಮವ್ವನ ಕೈಗೆ, ದೇವರ ಕೋಣೆಯ ಮೇಲಿನ ಒಂದು ತುಂಡು ಮಾತ್ರ ಕುಂಬಾರವಾಡೆಯ ಭುಜಂಗ ಎಂಬವನ ಕೈಗೆ. ದೇವರ ನೆತ್ತಿಯ ಮೇಲೆ ಹೆಂಗಸಿನ ಕಾಲು ಬೀಳಬಾರದೆಂಬುದು ಪಂತರ ತಂದೆ ಮಾಡಿಟ್ಟ ಕಟ್ಟಳೆ. ಭುಜಂಗ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಹತ್ತಿ, ಆ ತುಂಡು ಮುಗಿಸಿ ಇಳಿಯುತ್ತಿದ್ದ. ಕಳೆದ ಶ್ರಾವಣದಲ್ಲಿ ಸರಿಯಾಗಿ ಅಲ್ಲೇ ಸೋರಿತು. ವಿಠ್ಠಲನ ತಲೆಯ ಮೇಲೆ ಹನಿ ಬಿದ್ದು ರೇಷ್ಮೆ ವಸ್ತ್ರ ಕಪ್ಪಾಯಿತು. ಪಂತರು ಕಟ್ಟೆಯ ಮೇಲೆ ಕೂತು ನಾಲ್ಕು ಜನರೆದುರು, "ಭೀಮವ್ವನ ಕೈ ಮೊದಲಿನಂಗ ಉಳದಿಲ್ಲ," ಅಂದರು. ಭುಜಂಗನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಈ ಬೇಸಗೆಗೆ ಎದುರು ಮನೆಯ ದಿಗಂಬರರಾಯರು ಬೇರೆಯವರನ್ನು ಕರೆಸಿದರು. ಹಿಂದಿನ ವಾಡೆಯವರೂ ಮುಖ ತಿರುಗಿಸಿದರು. ಹೆಸರೇ ಬಂಡವಾಳವಾದ ಕಸುಬಿನಲ್ಲಿ ಇನ್ನೊಂದು ಮಳೆ ಹೀಗೇ ಕಳೆದರೆ ಏಣಿಯನ್ನು ಒಲೆಗಿಡಬೇಕಾದೀತು.

ಯುಗಾದಿ ಕಳೆದದ್ದೇ ತಡ, ಭೀಮವ್ವ ತಾನಾಗಿ ಪಂತರ ಅಂಗಳಕ್ಕೆ ಬಂದಳು. "ಮಾಡಿದ್ರ ಪೂರಾ ಸೂರು ಮಾಡ್ತೀನ್ರಿ, ಇಲ್ಲಾಂದ್ರ ನಂಗ ಈ ಮನಿ ಬ್ಯಾಡ್ರಿ," ಅಂದಳು. ಪಂತರು ಭುಜಂಗನನ್ನು ಕರೆಸಿ ಕೇಳಿದರು. ಅವನು ಕೈ ಮುಗಿದು ನಿಂತ. "ದೇವರ ಮ್ಯಾಲೆ ನಾನರ ಹೆಂಗ ಕಾಲಿಡ್ಲಿರಿ ಪಂತರ? ಅತ್ತಾಗೊಂದು ಇತ್ತಾಗೊಂದು ಕೂತು, ಕೈಗೆ ಎಟಕಿದಷ್ಟು ತಿರುವಿ ಇಳೀತಿದ್ದೆ. ನಡುವಿನವು ಹಂಗ ಅದಾವು." ಅವನ ತಂದೆಯೂ ಹಾಗೇ ಮಾಡುತ್ತಿದ್ದನಂತೆ. ಭಕ್ತಿ ಹೆಚ್ಚಾಗಿ, ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯಬೇಕಾದ ಜಾಗವನ್ನೇ ಎರಡು ತಲೆಮಾರಿನಿಂದ ಯಾರೂ ಮುಟ್ಟಿರಲಿಲ್ಲ. ಪಾಪ, ಬೈಯುವುದಾದರೂ ಯಾರನ್ನು?

ಪಂತರು ಆಗಲೂ ಹಿಂದೆಮುಂದೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನರ್ಮದಾಬಾಯಿಗೆ ತಡೆಯಲಾಗಲಿಲ್ಲ. "ವಿಠ್ಠಲನ ತಲಿ ಮ್ಯಾಲೆ ಬೆಕ್ಕು ನಡದರ ನಡೀತದ, ಮಂಗ್ಯಾ ಕುಣದರ ನಡೀತದ, ಹೊಲಸು ನೀರು ಬಿದ್ದರನೂ ನಡೀತದ. ಭೀಮವ್ವನ ಕಾಲು ಅಷ್ಟ ನಡಿಯಂಗಿಲ್ಲೇನು? ಅಷ್ಟು ಹೆದರಿಕಿ ಇದ್ದರ ದೇವರನ್ನ ತುಳಸೀಕಟ್ಟಿಗೆ ಕರಕೊಂಡು ಬರ್ರಿ. ಪಾಪ, ಅವನೂ ಒಂದಿಷ್ಟು ಗಾಳಿಗೆ ಕೂಡಲಿ." ಪಂತರು ಒಳ್ಳೆಯ ದಿನ ನೋಡಲೆಂದು ಪಂಚಾಂಗ ತರಲು ಒಳಗೆ ಹೋದರು.

ಆ ಒಳ್ಳೆಯ ದಿನವೇ ಇಂದು. ತುಳಸೀಕಟ್ಟೆಯ ನೆರಳಿನಲ್ಲಿ ಮಣೆ ಹಾಕಿ, ಪಂತರು ವಿಠ್ಠಲ ರುಖುಮಾಯಿಯನ್ನು ಕೂರಿಸಿದ್ದಾರೆ. ಮೇಲೆ ಭೀಮವ್ವ ಒಂದು ಸಲ ಕಣ್ಣು ಮುಚ್ಚಿ, ಹಂಚಿಗೆ ಹಣೆ ಮುಟ್ಟಿಸಿ, ಕಾಲಿಡುತ್ತಾಳೆ. ನಡುವಿನ ಹಂಚುಗಳ ಅಡಿಯಲ್ಲಿ ಅಂಗೈಯಗಲದ ಮಣ್ಣಿದೆ, ಅದರಲ್ಲಿ ಒಂದು ಅರಳಿ ಸಸಿ ಎರಡೆಲೆ ಬಿಟ್ಟುಕೊಂಡು ನಿಂತಿದೆ. ಅದನ್ನು ಬೇರು ಸಮೇತ ಬಿಡಿಸಿ ಚನ್ನಬಸವ್ವನ ಕೈಗೆ ಕೊಟ್ಟು, "ಹೊಳಿ ದಂಡ್ಯಾಗ ಹಚ್ಚು" ಎನ್ನುತ್ತಾಳೆ. ಹಂಚು ಸರಿದ ಕಡೆ ಮುಂಜಾವಿನ ಬಿಸಿಲು ದೇವರ ಕೋಣೆಗೆ ಇಳಿಯುತ್ತದೆ. ಖಾಲಿ ಪೀಠದ ಮೇಲೆ, ಹಳೇ ಹೂವಿನ ಮೇಲೆ, ಬೆಳಕಿನಲ್ಲಿ ತೇಲುವ ಧೂಳಿನ ಮೇಲೆ ಅವಳ ಕಣ್ಣು ಬೀಳುತ್ತದೆ. ಇಷ್ಟು ವರ್ಷ ಈ ಮನೆಗೆ ಬಂದರೂ ಆ ಕೋಣೆಯ ಒಳಗನ್ನು ಅವಳು ಕಂಡದ್ದು ಇದೇ ಮೊದಲು. ಕೈ ಒಂದು ಗಳಿಗೆ ನಿಂತುಬಿಡುತ್ತದೆ.

ಬೇರೆ ಮನೆಗಳಲ್ಲಿ ಕೆಲಸ ಮುಗಿದ ಮೇಲೆ ಭೀಮವ್ವ ತಾನೇ ಕೋಣೆಯೊಳಗೆ ನಿಂತು, ಕದ ಕಿಟಕಿ ಮುಚ್ಚಿಸಿ ಮೇಲೆ ನೋಡುತ್ತಾಳೆ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ನೀರು ಇಳಿಯುತ್ತದೆಂದೇ ಲೆಕ್ಕ. ದೇವರ ಕೋಣೆಗೆ ಅವಳು ಹೋಗುವಂತಿಲ್ಲ. ಹಾಗಾಗಿ ಪಂತರೇ ದೀಪ ಶಾಂತ ಮಾಡಿ, ಕದ ಹಾಕಿಕೊಂಡು, ಕತ್ತೆತ್ತಿ ನಿಲ್ಲುತ್ತಾರೆ. "ಒಂದು ಚುಕ್ಕಿ ಕಾಣ್ತದ ನೋಡು ಭೀಮವ್ವಾ, ಮೂಡಲ ಕಡೆ," ಎಂದು ಹಂಚಿನ ಕೆಳಗಿನಿಂದ ದನಿ ಬರುತ್ತದೆ. ಅವಳು ಬೆರಳಲ್ಲಿ ಒಂದು ಹಂಚು ಒತ್ತುತ್ತಾಳೆ. "ಈಗ್ರಿ?" "ಹೋತು." "ಇನ್ನೇನರ ಐತೇನ್ರಿ?" ಕೆಳಗೆ ಪಂತರ ಹೆಜ್ಜೆ ಮೂಲೆಯಿಂದ ಮೂಲೆಗೆ ಸರಿಯುತ್ತದೆ. ಆಮೇಲೆ ಪಂತರ ದನಿ ಮೆತ್ತಗಾಗುತ್ತದೆ. "ಏನೂ ಇಲ್ಲ. ಪೂರ್ತಿ ಕತ್ತಲಿ ಅದ ಭೀಮವ್ವಾ." ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೂ ಅವಳು ಹಿಗ್ಗುವುದಿಲ್ಲ. "ಮಳಿ ಏನಂತದ ನೋಡೂಣ್ರಿ," ಎಂದಷ್ಟೇ ಹೇಳಿ ಇಳಿಯುತ್ತಾಳೆ.

ಮಳೆ ಮೃಗಶಿರೆಯಲ್ಲಿ ಬರುತ್ತದೆ, ಅದೂ ಬೆಳ್ಳಂಬೆಳಗ್ಗೆ, ಆಕಾಶವೇ ಕಳಚಿ ಬಿದ್ದ ಹಾಗೆ. ಓಣಿಯಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿಯುತ್ತದೆ. ಭೀಮವ್ವ ಗೋಣಿಚೀಲದ ಕೊಪ್ಪೆ ಹೊದ್ದು ಪಂತರ ಸೂರಿನಡಿ ಬಂದು ನಿಂತಿದ್ದಾಳೆ. ಒಳಗೆ ಪೂಜೆಯ ಗಂಟೆ ಕೇಳಿಸುತ್ತದೆ, ನಿಲ್ಲುತ್ತದೆ. ಅವಳು ಕದಕ್ಕೆ ಕಿವಿಗೊಡುತ್ತಾಳೆ.

ಕದ ತೆರೆದು ಪಂತರು ಮಡಿಯಲ್ಲೇ ಹೊರಗೆ ಬರುತ್ತಾರೆ. ಕಣ್ಣಲ್ಲಿ ನೀರಿದೆಯೋ, ಮಳೆಯ ಸಿಡಿತವೋ, ಹೇಳುವುದು ಕಷ್ಟ. "ಒಂದು ಹನಿ ಸುದ್ದಾ ಇಲ್ಲ ಭೀಮವ್ವಾ. ವಿಠ್ಠಲ ಬೆಚ್ಚಗ ಕೂತಾನ. ನಿನ್ನ ಕೈ ಅಂದ್ರ ಕೈ," ಎಂದು ಅವಳಿಗಷ್ಟೇ ಕೇಳುವಂತೆ ಹೇಳುತ್ತಾರೆ.

ಭೀಮವ್ವ ಕೊಪ್ಪೆಯನ್ನು ಹಿಂದಕ್ಕೆ ಸರಿಸಿ, ಎದುರು ಮನೆಯ ಮುಚ್ಚಿದ ಕಿಟಕಿಯ ಕಡೆ ನೋಡುತ್ತಾಳೆ.

"ನನ್ನ ಕೈ ನನಗ ಗೊತ್ತೈತ್ರಿ ಪಂತರ. ಓಣ್ಯಾಗ ಹೇಳ್ರಿ."

ಪಂತರು ಮಡಿಯನ್ನೂ ಮರೆತು ಮಳೆಗೆ ಇಳಿದು, ಓಣಿಯ ನಟ್ಟನಡುವೆ ನಿಂತು, ದಿಗಂಬರರಾಯರ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾರೆ.