ಮುಂದಿನ ವರ್ಷಕ್ಕ ಹೋದ ಟ್ಯಾಬು

ವೈಫೈ ರಿಪೇರಿಗಂತ ತಿಕೋಟಾದ ನಿವೃತ್ತ ಮಾಸ್ತರರೊಬ್ಬರ ಮನಿಗೆ ಹೋಗಿದ್ದೆ. ಫೋನಿನ್ಯಾಗ ನೆಟ್ ಬರ್ತಿತ್ತು, ಟ್ಯಾಬಿನ್ಯಾಗ ಮಾತ್ರ ಇಲ್ಲ. ನೋಡಿದ್ರ ಅದರ ತಾರೀಖು ಮುಂದಿನ ವರ್ಷಕ್ಕ ಹೋಗಿ ಕುಂತಿತ್ತು. ತಾರೀಖು ತಪ್ಪಿದ್ರ ನೆಟ್ ನಡ್ಯಾಂಗಿಲ್ಲ.

“ಮೊಮ್ಮಕ್ಕಳ ಕಿತಾಪತಿ! ಸಾಲಿಂದ ಬರ್ಲಿ, ಬಿಡಾಂಗಿಲ್ಲ,” ಅಂತ ಮಾಸ್ತರರು ಗುಡುಗಿದರು.

ಅವರ ಹಿಂದ ಚಾ ಹಿಡಕೊಂಡು ನಿಂತಿದ್ದ ಅವರ ಹೆಂಡತಿ ನನಗ ಹೇಳಬ್ಯಾಡ್ರಿ ಅಂತ ಕಣ್ಸನ್ನಿ ಮಾಡಿದರು. ಟ್ಯಾಬಿನ್ಯಾಗೊಂದು ಹಣ್ಣು ಜೋಡಸೂ ಆಟ ಇತ್ತು. ಸೋತವರು ಮತ್ತ ಆಡಾಕ ಕಾಯಬೇಕು, ತಾರೀಖು ಮುಂದ ತಳ್ಳಿದ್ರ ಕಾಯೂದು ತಪ್ಪತೈತಿ. ಕಿತಾಪತಿ ಯಾರದಂತ ನನಗ ತಿಳೀತು.

“ಹುಡುಗರದೇನೂ ಇಲ್ರಿ, ಬ್ಯಾಟರಿ ಹಳೇದಾಗೇತಿ,” ಅಂದು ತಾರೀಖು ಸರಿ ಮಾಡಿದೆ. ಚಾದ ಜೋಡಿ ಒಂದು ಬೊಗಸಿ ಒಣದ್ರಾಕ್ಷಿನೂ ಬಂತು.

ವಾರ ಕಳದಿರಲಿಲ್ಲ, ಮಾಸ್ತರರು ಫೋನ್ ಮಾಡಿ ಪಿಸುಗುಟ್ಟಿದರು: “ತಾರೀಖು ಹಿಂದಕ್ಕ ಹ್ಯಾಂಗ ತರೂದ್ರಿ? ನಮ್ಮಾಕಿಗೆ ಗೊತ್ತಾಗಬಾರದು, ನೋಡ್ರಿ.”

ಬ್ಯಾಟರಿ ಮತ್ತ ಹಳೇದಾಗಿತ್ತು.