ಮೊದಲು ಮಾಸ್ಕ್ ತೆಗೆಯುವವನು

ನನ್ನ ತಮ್ಮ ಮೆಲ್ಚೋರ್‌ನಷ್ಟು ನುಣ್ಣಗೆ ಗಡ್ಡ ಹೆರೆಯುವ ಗಂಡಸನ್ನು ನಮ್ಮ ತಾರ್ಲಾಕ್ ಸೀಮೆಯಲ್ಲೇ ನಾನು ಕಂಡಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಇನ್ನೊಮ್ಮೆ. "ಏನೋ, ಎರಡನೇ ಮದುವೆಗೆ ಹೊರಟ್ಯಾ?" ಎಂದು ರೇಗಿಸಿದರೆ, "ಅಕ್ಕಾ, ಗಡ್ಡ ಒಂಚೂರು ಬೆಳೆದಿದ್ರೂ ಮಾಸ್ಕ್ ಕೆನ್ನೆಗೆ ಕೂರಲ್ಲ, ಗ್ಯಾಸ್ ಒಳಗೆ ನುಗ್ಗುತ್ತೆ" ಎನ್ನುತ್ತಿದ್ದ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡುವ ಜಾತಿ ಅವನದು. ಇಂಥವರನ್ನು ಕಂಡರೆ ಲೋಕಕ್ಕೆ ಬಲು ಇಷ್ಟ, ಮೇಲೆ ಹತ್ತಿ ಕೂರಲು ಸಲೀಸು ನೋಡಿ.

ಕ್ಯಾಂಪಿನ ಗೇಟಿನ ಎದುರಿಗೇ ನನ್ನ ಊಟದಂಗಡಿ. ಹುಣಸೆ ಹಾಕಿ ಕುದಿಸಿದ ಹಂದಿ ಸಾರು, ಹುರಿದ ಮೀನು, ಅನ್ನ. ಸಿಪಾಯಿಗಳೆಲ್ಲ ನನ್ನನ್ನು ಸಿಯಾಂಗ್ ಅಕ್ಕ ಎನ್ನುತ್ತಾರೆ. ಬಾಯಿ ಜೋರು ಅಂತಲೂ ಎನ್ನುತ್ತಾರೆ, ಅನ್ನಲಿ, ನನ್ನ ಗಂಟೇನು ಹೋಗುತ್ತೆ? ಕ್ಯಾಂಪಿನ ಒಳಗೆ ನಡೆಯುವುದೆಲ್ಲ ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದೇ ಬರುತ್ತದೆ.

ಮೆಲ್ಚೋರ್ ಎಂಟು ವರ್ಷ ದಕ್ಷಿಣದ ಕಾಡಿನಲ್ಲಿ ಗುಂಡಿನ ಸದ್ದು ಕೇಳುತ್ತ ಕಳೆದವನು. ಮದುವೆಯಾಗಿದ್ದರೂ ಹೆಂಡತಿಯ ಜೊತೆ ನೆಟ್ಟಗೆ ಸಂಸಾರ ಮಾಡಿರಲಿಲ್ಲ. ಕೊನೆಗೊಮ್ಮೆ ಇಲ್ಲಿಗೆ ವರ್ಗವಾಯಿತು. ವಿಷಾನಿಲ, ರೋಗಾಣು, ವಿಕಿರಣ, ಇವು ಹರಡಿದ ಜಾಗಕ್ಕೆ ನುಗ್ಗಿ ಬದುಕಿ ಬರುವುದನ್ನು ಕಲಿಯುವ ತಂಡ ಅದು. ನಾನು ಎದೆ ಹಿಡಿದುಕೊಂಡೆ. "ಗುಂಡಿಗಾದ್ರೂ ಸದ್ದಿದೆ ಕಣೋ, ಇದಕ್ಕೆ ಸದ್ದೂ ಇಲ್ಲ ಬಣ್ಣಾನೂ ಇಲ್ಲ!" ಎಂದೆ. ಅವನು ನಕ್ಕ. "ಮನೆ ಹತ್ರ ಅಲ್ವಾ ಅಕ್ಕಾ. ಯಾವ ಪಿಶಾಚಿ ಆದ್ರೇನು?"

ಏಪ್ರಿಲ್ ಬಿಸಿಲಿನಲ್ಲಿ ತಲೆಯಿಂದ ಕಾಲಿನವರೆಗೆ ದಪ್ಪ ಉಡುಪು ತೊಟ್ಟು ಓಡುತ್ತಿದ್ದರು. ಸಂಜೆ ಬೂಟು ಬಗ್ಗಿಸಿದರೆ ಬೆವರು ನೀರಿನ ಹಾಗೆ ಸುರಿಯುತ್ತಿತ್ತು. ಅಶ್ರುವಾಯು ತುಂಬಿದ ಗುಡಿಸಲಿಗೆ ಹೋಗಿ, ಅಲ್ಲೇ ಮಾಸ್ಕ್ ಕಳಚಿ, ಹೆಸರನ್ನು ಗಟ್ಟಿಯಾಗಿ ಕೂಗಿ ಆಚೆ ಬರಬೇಕು. ಮೂಗು, ಬಾಯಿ, ಕಣ್ಣು ಎಲ್ಲ ಸುರಿಸಿಕೊಂಡು ಬರುತ್ತಿದ್ದವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು, ನಗುವೂ ಬರುತ್ತಿತ್ತು.

ಆ ತಂಡದ ಮುಖ್ಯಸ್ಥ ಸಾರ್ಜೆಂಟ್ ಫ್ಲೊರಾಂತೆ. ದುಂಡು ಮುಖ, ಜೇನಿನಂಥ ಮಾತು, ಎರಡು ಹೊತ್ತೂ ನನ್ನಲ್ಲೇ ಊಟ. ಇಲ್ಲಿಗೆ ಬಂದ ವರ್ಷವೇ ಮೆಲ್ಚೋರ್‌ಗೆ ಮಗಳು ಹುಟ್ಟಿದಾಗ ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಬೀಳುವ ಹೊತ್ತು ಎತ್ತಿಕೊಂಡು ನಿಂತವನು ಇವನೇ. ಹಾಗೆ ನಿಂತವನು ಮಗುವಿನ ಅಪ್ಪನಿಗೆ ಕುಂಪಾರೆ ಆಗುತ್ತಾನೆ. ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಪಾರೆ ಎಂದೇ ಕರೆಯಬೇಕು, ಕಷ್ಟಕ್ಕೆ ಹೆಗಲು ಕೊಡಬೇಕು. ಮೇಲಿನವನನ್ನು ಕುಂಪಾರೆ ಮಾಡಿಕೊಂಡರೆ ತಲೆ ಮೇಲೆ ಕೊಡೆ ಹಿಡಿದ ಹಾಗೆ ಎಂದು ನಮ್ಮ ಸಿಪಾಯಿಗಳೆಲ್ಲ ನಂಬಿದ್ದಾರೆ. ನನ್ನ ತಮ್ಮನೂ ನಂಬಿದ.

ಈ ತರಬೇತಿಯಲ್ಲಿ ಒಂದು ಪಾಠವಿದೆ. ವಿಷದ ಜಾಗ ದಾಟಿ ಬಂದ ಮೇಲೆ ಗಾಳಿ ಶುದ್ಧವಾಗಿದೆ ಎಂದು ಮೀಟರ್ ಹೇಳಿದರೂ ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವ ಹಾಗಿಲ್ಲ. ಮೀಟರನ್ನು ಯಾರು ನಂಬುತ್ತಾರೆ? ಮೊದಲು ಒಬ್ಬ ತೆಗೆಯಬೇಕು. ಅವನಿಗೆ ಏನೂ ಆಗದಿದ್ದರೆ ಉಳಿದವರು ತೆಗೆಯುತ್ತಾರೆ. ಫ್ಲೊರಾಂತೆ ಪ್ರತಿ ಸಾರಿಯೂ ಕೂಗುತ್ತಿದ್ದದ್ದು ಒಂದೇ ಹೆಸರು. "ಪಾರೆ, ಬಾ." ಮೆಲ್ಚೋರ್‌ನ ಬಂದೂಕನ್ನು ತಾನೇ ಇಸಿದುಕೊಂಡು, ಅವನನ್ನು ನೆರಳಿನಲ್ಲಿ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದನಂತೆ. ವಿಷ ತಗುಲಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದಂತೆ.

"ಇಡೀ ತಂಡದಲ್ಲಿ ಅವನಿಗೆ ನನ್ನ ಮೇಲೇ ನಂಬಿಕೆ ಅಕ್ಕಾ. ನನ್ನ ಬಂದೂಕನ್ನ ಬೇರೆಯವರ ಕೈಗೂ ಕೊಡಲ್ಲ, ಗೊತ್ತಾ?" ಎಂದು ಮೆಲ್ಚೋರ್ ಉಬ್ಬಿ ಹೇಳುತ್ತಿದ್ದ. ಕಲಿಸುವವರು ಬೇಕೆಂದೇ ಗ್ಯಾಸ್ ಉಳಿಸಿಟ್ಟ ದಿನಗಳಲ್ಲಿ ಕೆಂಡದಂಥ ಕಣ್ಣು ಹೊತ್ತು ಬರುತ್ತಿದ್ದ, ತಿಂದದ್ದೆಲ್ಲ ಕಾರಿಕೊಂಡು ಬರುತ್ತಿದ್ದ. ಆಗಲೂ ಉಬ್ಬೇನೂ ಇಳಿಯುತ್ತಿರಲಿಲ್ಲ.

ಉಬ್ಬಲು ಇನ್ನೊಂದು ಕಾರಣವೂ ಇತ್ತು. ತಂಡದಿಂದ ಒಬ್ಬನನ್ನು ಆರಿಸಿ ರಾಜಧಾನಿಯ ಶಾಲೆಗೆ ಕಳಿಸುವವರಿದ್ದರು. ಅಲ್ಲಿ ಕಲಿತು ಬಂದವನು ಇದೇ ಕ್ಯಾಂಪಿನಲ್ಲಿ ಕಲಿಸುವವನಾಗುತ್ತಾನೆ, ಇನ್ನೆಲ್ಲಿಗೂ ಹೋಗಬೇಕಿಲ್ಲ. ಉಳಿದವರನ್ನು ಎಲ್ಲಿಗೆ ಬೇಕಾದರೂ ಅಟ್ಟಬಹುದು, ದಕ್ಷಿಣದ ಕಾಡಿಗೂ. ಮೆಲ್ಚೋರ್‌ನ ಹೆಂಡತಿ ಆಗಲೇ ಮನೆಯ ಹಿಂದೆ ಹಂದಿಗೂಡು ಕಟ್ಟಿಸಲು ಸಿಮೆಂಟ್ ತರಿಸಿದ್ದಳು. ಹೆಸರು ಹೇಳಬೇಕಾದವನು ಫ್ಲೊರಾಂತೆ. ನನ್ನ ಮೇಜಿಗೇ ಕೂತು, ತಮ್ಮನ ಹೆಗಲ ಮೇಲೆ ಕೈ ಹಾಕಿ, "ಪಾರೆ ಇರುವಾಗ ಇನ್ಯಾರ ಹೆಸರು ಹೇಳ್ಲಿ ಅಕ್ಕಾ?" ಎಂದಿದ್ದ. ನಾನು ಅವನ ತಟ್ಟೆಗೆ ಇನ್ನೆರಡು ತುಂಡು ಮಾಂಸ ಹಾಕಿದೆ. ಆ ಮಾಂಸ ನಾಯಿಗೆ ಹಾಕಿದ್ದರೆ ಬಾಲವನ್ನಾದರೂ ಅಲ್ಲಾಡಿಸುತ್ತಿತ್ತು.

ಮೂರನೇ ವರ್ಷ ಕೊನೆಯ ಪರೀಕ್ಷೆ ನಡೆಸಲು ಕ್ಯಾಪ್ಟನ್ ವೆರ್ಸೋಸಾ ಎಂಬ ಹೆಂಗಸು ಬಂದಳು. ಒಣಕಲು ಮೈ, ಕಡ್ಡಿ ಮುರಿದಂಥ ಮಾತು. ಅವಳ ಮೊದಲ ಪಾಠ ಮುಗಿದ ಮಧ್ಯಾಹ್ನ ತಂಡದ ಹೆರ್ಮಿನಿಯೋ ಅಂಗಡಿಗೆ ನುಗ್ಗಿದವನೇ, "ಸಿಯಾಂಗ್ ಅಕ್ಕಾ, ಇವತ್ತಿಂದ ನಿಮ್ಮ ತಮ್ಮನಿಗೆ ಹೊಸ ಹೆಸರು! ಇದ್ರೂ ಆಯ್ತು, ಇಲ್ದಿದ್ರೂ ಆಯ್ತು!" ಎಂದು ಬಿದ್ದು ಬಿದ್ದು ನಕ್ಕ.

"ಏನೋ ಅದು, ನೆಟ್ಟಗೆ ಬೊಗಳು" ಎಂದೆ.

ಕ್ಯಾಪ್ಟನ್ ಕೇಳಿದಳಂತೆ, ಮೊದಲು ಯಾರ ಮಾಸ್ಕ್ ತೆಗೆಸಬೇಕು? ಯಾರೋ, ಧೈರ್ಯ ಇರುವವರದ್ದು ಎಂದರಂತೆ. "ತಪ್ಪು. ಯಾರು ಬಿದ್ದೋದ್ರೆ ತಂಡಕ್ಕೆ ಕಡಿಮೆ ನಷ್ಟವೋ ಅವರದ್ದು. ಬಂದೂಕು ಮೊದಲೇ ಇಸ್ಕೊಳ್ಳಿ, ವಿಷ ತಲೆಗೇರಿದ್ರೆ ನಿಮ್ಮ ಮೇಲೇ ಹಾರಿಸ್ತಾನೆ. ಸಾರ್ಜೆಂಟ್, ನಿಮ್ಮ ತಂಡದಲ್ಲಿ ಅಂಥವರು ಯಾರು?" ಫ್ಲೊರಾಂತೆ ಎದ್ದು ನಿಂತು, ರೆಪ್ಪೆ ಕೂಡ ಬಡಿಯದೆ ಹೇಳಿದನಂತೆ, "ಕಾರ್ಪೊರಲ್ ಮೆಲ್ಚೋರ್, ಮೇಡಂ."

ಮೆಲ್ಚೋರ್ ಅಂದು ಊಟಕ್ಕೆ ಬರಲಿಲ್ಲ. ಫ್ಲೊರಾಂತೆ ಬಂದ, ಏನೂ ಆಗಿಲ್ಲವೆಂಬಂತೆ ಬೆಂಚು ಎಳೆದುಕೊಂಡು ಕೂತ.

"ಉಂಡ ಮನೆ ಜಂತೆ ಎಣಿಸೋನೆ! ನನ್ನ ತಮ್ಮ ನಿನಗೆ ಬೇಡದವನಾ?" ಎಂದೆ.

"ಅಯ್ಯೋ ಅಕ್ಕಾ, ತಪ್ಪು ತಿಳ್ಕೋಬೇಡಿ. ಬೇರೆಯವರನ್ನ ಕರೆದ್ರೆ ಮುಖ ಊದಿಸ್ಕೋತಾರೆ, ಅವರಮ್ಮ ನಮ್ಮನೆ ಬಾಗಿಲಿಗೆ ಬರ್ತಾಳೆ. ಪಾರೆ ಆದ್ರೆ ಒಂದು ಮಾತೂ ಆಡಲ್ಲ. ನಮ್ಮೋನು ತಾನೆ?"

"ನಮ್ಮೋನು ಅಂತಾನೇ ಬಕ್ರಾ ಮಾಡಿದ್ಯಾ?"

"ಅದೆಲ್ಲ ಬರೀ ತರಬೇತಿ ಅಕ್ಕಾ, ಸಾಯೋ ಮಾತಲ್ಲ. ಶಾಲೆಗೆ ಅವನ ಹೆಸರೇ ಹೇಳ್ತೀನಿ, ಸುಮ್ನಿರಿ" ಎಂದು ಸಾರು ಸುರಿದುಕೊಂಡ. ಆ ಮಾತಿಗೆ ಕಟ್ಟುಬಿದ್ದು ನಾನೂ ಸುಮ್ಮನಾದೆ, ಮೆಲ್ಚೋರ್‌ನನ್ನೂ ಸಮಾಧಾನ ಮಾಡಿದೆ. ಅವನು ತಲೆಯಾಡಿಸಿದ. ಆದರೆ ಅಂದಿನಿಂದ ಅವನ ಬಾಯಲ್ಲಿ ಕುಂಪಾರೆಯ ಮಾತು ಬರಲಿಲ್ಲ.

ಪರೀಕ್ಷೆಯ ದಿನ ನಡೆದದ್ದನ್ನು ತಮ್ಮನೇ ಹೇಳಿದ. ವಿಷದ ಜಾಗ ದಾಟಿ ಬಯಲಿಗೆ ಬಂದ ಕೂಡಲೇ ಕ್ಯಾಪ್ಟನ್ ಫ್ಲೊರಾಂತೆಯ ಎದೆಗೆ ಬೆರಳಿಟ್ಟು, "ನೀವು ಸತ್ತಿದ್ದೀರಿ, ಮಲಗಿ" ಎಂದಳಂತೆ. ಅವನು ಹುಲ್ಲಿನ ಮೇಲೆ ಮಲಗಿದ. ಅವನ ನಂತರ ಹಿರಿಯವನು ಮೆಲ್ಚೋರ್. ಈಗ ತಂಡ ಅವನದು, ಮೊದಲು ಮಾಸ್ಕ್ ತೆಗೆಯುವವನ ಹೆಸರನ್ನು ಅವನೇ ಹೇಳಬೇಕು.

"ಒಬ್ಬೊಬ್ಬರನ್ನೇ ನೋಡ್ದೆ ಅಕ್ಕಾ. ಎಲ್ಲರೂ ನೆಲ ನೋಡ್ತಾ ನಿಂತಿದ್ರು. ಯಾರನ್ನ ಕರೆದ್ರೂ ಅವನಿಗೆ ಗೊತ್ತಾಗೋಗುತ್ತೆ, ತಾನು ಯಾರಿಗೂ ಬೇಡದವನು ಅಂತ. ಅದು ಹೇಗಿರುತ್ತೆ ಅಂತ ನನಗೆ ಗೊತ್ತಲ್ಲ. ಬಾಯೇ ಬರ್ಲಿಲ್ಲ."

ಅವನು ತನ್ನ ಮಾಸ್ಕನ್ನೇ ಕಳಚಿದ. ಅಂದು ಗಾಳಿಯಲ್ಲಿ ಗ್ಯಾಸ್ ಇತ್ತು. ಕೆಮ್ಮುತ್ತ ಮಂಡಿಯೂರಿದವನ ಎದುರಿಗೆ ನಿಂತು ಕ್ಯಾಪ್ಟನ್, "ತಂಡ ನಡೆಸೋನೇ ಬಿದ್ರೆ ಇವರನ್ನ ಮನೆಗೆ ಕರ್ಕೊಂಡು ಹೋಗೋರು ಯಾರು?" ಎಂದಳು. ಅವಳನ್ನು ನಾನು ಬೈಯುವುದಿಲ್ಲ, ಅವಳ ಲೆಕ್ಕ ಅವಳಿಗೆ. ಆಮೇಲೆ ಅವಳು ಸತ್ತವನನ್ನು ಎಬ್ಬಿಸಿ, "ಶಾಲೆಗೆ ಯಾರನ್ನ ಕಳಿಸೋಣ? ನಿಮ್ಮ ತಂಡ, ನೀವೇ ಹೇಳಿ" ಎಂದು ಕೇಳಿದಳು. ಆಗಲೂ ಫ್ಲೊರಾಂತೆ ಬಾಯಿಬಿಟ್ಟು ಒಂದು ಮಾತು ಆಡಬಹುದಿತ್ತು. ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡು, "ಹೆರ್ಮಿನಿಯೋ, ಮೇಡಂ" ಎಂದ. ನನ್ನ ತಮ್ಮ ಅವನ ಪಕ್ಕದಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದ. ಥೂ! ಕುತ್ತಿಗೆ ಕೊಯ್ಯುವವರೂ ಎದುರಿಗೇ ಕೂರಿಸಿಕೊಂಡು ಹೀಗೆ ಕೊಯ್ಯುವುದಿಲ್ಲ.

ಸ್ವಲ್ಪ ದಿನಕ್ಕೆ ಮೆಲ್ಚೋರ್‌ಗೆ ಆದೇಶ ಬಂತು. ದಕ್ಷಿಣದ ಕಾಡಿಗೆ.

ಹೊರಡುವ ಮಧ್ಯಾಹ್ನ ಅವನು ನನ್ನ ಅಂಗಡಿಯಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಊಟ ಮಾಡುತ್ತಿದ್ದ. ಹೆಂಡತಿ ಅತ್ತೂ ಅತ್ತೂ ಸಾಕಾಗಿ ಒಳಗೆ ಮಲಗಿದ್ದಳು. ಆಗ ಬಂದ ನೋಡಿ ಫ್ಲೊರಾಂತೆ. ಎದುರಿನ ಬೆಂಚಿಗೇ ಕೂತ. ಅವನ ಮುಖದಲ್ಲಿ ನಿಜವಾಗಿಯೂ ದುಃಖವಿತ್ತು, ಅದನ್ನು ನೋಡಿಯೇ ನನ್ನ ಮೈ ಉರಿಯಿತು.

"ಮನಸ್ಸಿಗೆ ಹಚ್ಕೋಬೇಡ ಪಾರೆ. ಮೇಲಿನವರು ನಿನ್ನ ಅಲ್ಲಿಗೆ ಹಾಕ್ತಾರೆ ಅಂತ ನನಗೇನು ಗೊತ್ತು? ನೀನು ನನ್ನ ಜೊತೆನೇ ಇರ್ತೀಯ ಅಂದ್ಕೊಂಡಿದ್ದೆ. ನಿಜ ಹೇಳ್ತೀನಿ, ನಿನ್ನ ಶಾಲೆಗೆ ಕಳಿಸಿಬಿಟ್ರೆ ಮೊದಲು ಮಾಸ್ಕ್ ತೆಗೆಯೋಕೆ ನನಗೆ ಯಾರಿದ್ರು?"

ಸಮಾಧಾನ ಮಾಡಲೆಂದೇ ಹೇಳಿದ ಮಾತು ಅದು. ಮೆಲ್ಚೋರ್ ಅನ್ನ ಕಲಸುವುದನ್ನು ನಿಲ್ಲಿಸಿದ.

ಫ್ಲೊರಾಂತೆ ಮಗುವಿನ ಕಡೆಗೆ ಬಲಗೈ ಚಾಚಿದ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆಯುವುದು ನಮ್ಮ ಮಕ್ಕಳಿಗೆ ನಡೆಯುವುದಕ್ಕೆ ಮೊದಲೇ ಬರುತ್ತದೆ. ಮಗು ಬೆಂಚಿನಿಂದ ಇಳಿಯಹೊರಟಿತು. ಮೆಲ್ಚೋರ್ ಎಡಗೈಯಲ್ಲಿ ಅವಳನ್ನು ತಡೆದು ತೊಡೆಯ ಮೇಲೆ ಎಳೆದುಕೊಂಡ.

"ಬೇಡ ಮಗಳೇ. ಇವರು ಅಪ್ಪನ ಸಾರ್ಜೆಂಟ್ ಅಷ್ಟೇ. ನಮಗೇನೂ ಆಗ್ಬೇಕಿಲ್ಲ."

ಚಾಚಿದ ಕೈ ಮೇಜಿನ ಮೇಲೆ ಹಾಗೇ ನಿಂತಿತ್ತು. ಫ್ಲೊರಾಂತೆ ನನ್ನ ಮುಖ ನೋಡಿದ. ನಾನು ಅವನ ಮುಂದಿಟ್ಟಿದ್ದ, ಇನ್ನೂ ಬಡಿಸದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದೆ.