ರಾಜಕಾಲುವೆಯ ಶಿಲುಬೆಹಾದಿ

ಟಕ್, ಟಕ್. ಬಿದಿರು ಕೋಲಿನಿಂದ ಒಂದೊಂದು ಚಪ್ಪಡಿಯನ್ನೂ ಕುಟ್ಟಿ ನೋಡಿದ ಮೇಲೆಯೇ ಸಿಸ್ಟರ್ ನಮಗೆ ಕಾಲಿಡಲು ಬಿಡುತ್ತಿದ್ದದ್ದು. ಸದ್ದು ಪೊಳ್ಳಾಗಿ ಬಂದರೆ ಕೋಲು ಅಡ್ಡ ಹಿಡಿಯುತ್ತಿದ್ದರು. ಪೀಣ್ಯದ ಶೆಡ್ಡುಗಳ ಹಿಂದಿನ ರಾಜಕಾಲುವೆಯ ಮೇಲೆ ನಾವೊಂದಷ್ಟು ಮುದುಕಿಯರು ಒಬ್ಬರ ಸೆರಗು ಒಬ್ಬರು ಹಿಡಿದು ಸಾಗಬೇಕು. ಕೆಳಗೆ ನೀರು ಒಮ್ಮೆ ನೀಲಿ, ಒಮ್ಮೆ ತುಕ್ಕಿನ ಬಣ್ಣ. ನನಗಂತೂ ಮೊದಲಿನಿಂದಲೂ ಹೆದರಿಕೆ.

ಚರ್ಚಿನ ಹೆಂಗಸರ ಸಂಘಕ್ಕೆ ವರ್ಷಕ್ಕೊಂದು ಟೂರ್ ಇತ್ತು. ಬೇರೆಯವರು ಬಸ್ಸು ಮಾಡಿಕೊಂಡು ಸಮುದ್ರತೀರದ ಪುಣ್ಯಕ್ಷೇತ್ರಕ್ಕೆ ಹೋಗುತ್ತಿದ್ದರು. ಸಿಸ್ಟರ್ ಬಂದ ಮೇಲೆ ನಮ್ಮ ಟೂರ್ ಅಂದರೆ ಈ ಕಾಲುವೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ, ಕಾರ್ಖಾನೆಗಳ ಬೆನ್ನಿನಿಂದ ಕೆರೆಯವರೆಗೆ, ಯೇಸು ಶಿಲುಬೆ ಹೊತ್ತು ನಡೆದ ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಿಗೆ ಹದಿನಾಲ್ಕು ನಿಲುಗಡೆ. ಪ್ರತಿ ಕಡೆಯೂ ಪ್ರಾರ್ಥನೆ, ಆಮೇಲೆ ಸೈಲೆಂಟಾಗಿ ನಿಂತು ನೀರು ನೋಡಬೇಕು. ಮೂಗು ಮುಚ್ಚಿಕೊಂಡರೆ ಗದರುತ್ತಿದ್ದರು. "ದೇವರು ಮಾಡಿದ್ದನ್ನ ನೋಡೋಕೆ ಊಟಿಗೆ ಹೋಗ್ತೀರಿ. ನಾವು ಮಾಡಿಟ್ಟಿದ್ದನ್ನ ಯಾರು ನೋಡ್ತಾರೆ ಆಂಟಿ?" ಕಾನ್ವೆಂಟಿನಲ್ಲಿ ನಾನು ಕಲಿತ ನೇಚರ್ ಸ್ಟಡಿ ಎಲೆ ಒಣಗಿಸಿ ಸ್ಕ್ರ್ಯಾಪ್‌ಬುಕ್ಕಿಗೆ ಅಂಟಿಸುವುದಷ್ಟೇ. ಅದರಲ್ಲಿ ಹೆದರಿಕೆಗೆ ಜಾಗವೇ ಇರಲಿಲ್ಲ.

ಮೂರನೆಯ ವರ್ಷ, ಏಳನೆಯ ಸ್ಥಳ. ಯೇಸು ಎರಡನೇ ಸಲ ಬೀಳುವುದು. ಅಲ್ಲಿ ಒಂದು ಶೆಡ್ಡಿನ ಪೈಪು ಕಾಲುವೆಗೆ ಬಾಯಿ ತೆರೆದಿತ್ತು. ಸಿಸ್ಟರ್ ಬಗ್ಗಿ ಬಾಟಲಿಗೆ ಆ ನೀರು ಹಿಡಿಯುತ್ತಿದ್ದರು. ಬೈಕಿನಲ್ಲಿ ಒಬ್ಬ ಬಂದ. ಶೆಡ್ಡಿನ ಕಡೆಯವನು. ಫೋನ್ ಎತ್ತಿ ವಿಡಿಯೋ ಮಾಡುತ್ತಲೇ, ಇಲ್ಲಿ ಮತಾಂತರ ನಡೆಸುತ್ತಿದ್ದೀರಾ, ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡುತ್ತೇನೆ ಎಂದ. ಅವನಿಗೆ ಹತ್ತಿರ ಇದ್ದವಳು ನಾನು. "ಅಕ್ಕ, ನೀವೂ ಇವ್ರ ಜೊತೆನಾ?"

ಕೈಯಲ್ಲಿದ್ದ ಜಪಸರ ಹ್ಯಾಂಡ್‌ಬ್ಯಾಗಿನೊಳಗೆ ಯಾವಾಗ ಜಾರಿತೋ ನನಗೇ ಗೊತ್ತಿಲ್ಲ. "ನೋ ನೋ, ನಾನು ಬಸ್ ಸ್ಟಾಪ್ ಹುಡುಕ್ತಿದ್ದೆ," ಅಂದೆ.

ಸಿಸ್ಟರ್‌ಗೆ ಕೇಳಿಸಿತು. ತಿರುಗಿ ನೋಡಲಿಲ್ಲ. ಬಾಟಲಿಯ ಮುಚ್ಚಳ ಒಮ್ಮೆ ಜಾರಿ ಬಿತ್ತು, ಹೆಕ್ಕಿ ಮತ್ತೆ ತಿರುಗಿಸಿದರು.

ಕಾಲುವೆಯಾಚೆ ಎಮ್ಮೆ ಕಟ್ಟುತ್ತಿದ್ದ ಊರಿನ ಹಳೇ ಹೆಂಗಸೊಬ್ಬಳು ಅಲ್ಲಿಂದಲೇ ಅವನನ್ನು ಕೇಳಿದಳು: "ನಮ್ ಒಲ ಇದ್ದ ಜಾಗ ಕಣಪ್ಪ ಇದು. ನೀರು ನೋಡಕ್ ಬಂದವ್ರೆ, ನೋಡ್ಲಿ ಬಿಡು. ನೀನ್ಯಾಕ್ ಇಂಗೆ ಎದ್ರುತೀಯ?" ಅವನು ಗೊಣಗುತ್ತ ಬೈಕ್ ತಿರುಗಿಸಿದ, ಹೋಗುವಾಗಲೂ ನಮ್ಮ ಮುಖಗಳನ್ನು ವಿಡಿಯೋ ಮಾಡಿಕೊಂಡ.

ಉಳಿದವರು ಅಲ್ಲಿಂದಲೇ ಆಟೋ ಹಿಡಿದರು. ಸುಳ್ಳು ಹೇಳಿದ ತಪ್ಪಿಗೆ ನಾನು ನಿಜವಾಗಿಯೂ ಬಸ್ ಸ್ಟಾಪಿಗೆ ನಡೆದೆ. ಮಿಕ್ಕ ಏಳು ಸ್ಥಳಗಳನ್ನು ಸಿಸ್ಟರ್ ಆ ಎಮ್ಮೆಯವಳ ಜೊತೆ ಮುಗಿಸಿದರಂತೆ. ತಿಂಗಳುಗಟ್ಟಲೆ ನಮ್ಮ ಬೀದಿಗೆ ಯಾವ ಬೈಕ್ ತಿರುಗಿದರೂ ನಾನು ಕಿಟಕಿ ಹಾಕುತ್ತಿದ್ದೆ.

ಆ ವಿಡಿಯೋ ಎಲ್ಲೂ ಬರಲಿಲ್ಲ. ಬಂದದ್ದು ಸಿಸ್ಟರ್‌ಗೆ ಟ್ರಾನ್ಸ್‌ಫರ್. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿಗೆ ಅವರನ್ನು ಕಳಿಸಿಕೊಡಲು ಹೋದವಳು ನಾನೊಬ್ಬಳೇ. ಸಾರಿ ಅನ್ನುವ ಮೊದಲೇ ಅವರು, ಎಂಟನೆಯ ಸ್ಥಳ ಯಾವುದು ಹೇಳಿ ಎಂದರು, ಕ್ಲಾಸಿನಲ್ಲಿ ಕೇಳುವ ಹಾಗೆ. ಅಳುತ್ತ ನಿಂತ ಹೆಂಗಸರನ್ನು ಯೇಸು ಮಾತಾಡಿಸುವುದು ಎಂದೆ. "ಅಲ್ಲಿಂದಾಚೆ ನೀವು ನೋಡೇ ಇಲ್ಲ. ಬರೋ ವರ್ಷ ಸಂಘದವರನ್ನೆಲ್ಲ ನೀವೇ ಕರ್ಕೊಂಡು ಹೋಗ್ಬೇಕು."

ನನಗೆ ಭಯ ಸಿಸ್ಟರ್, ಅಂದೆ.

"ನನಗೇನು ಇರಲಿಲ್ವಾ? ಹೆದರಿಕೊಂಡೇ ಹೋಗಿ."

ಈಗ ಪ್ರತಿ ವರ್ಷ ಹೋಗುತ್ತೇನೆ, ಹೆದರಿಕೊಂಡೇ. ಆ ದಿನ ಅಷ್ಟರಲ್ಲೇ ರೈಲು ಹೊರಟಿತು. ಸಿಸ್ಟರ್ ಆಗಲೇ ಎದುರು ಸೀಟಿನ ಹೆಂಗಸಿನ ಹತ್ತಿರ ಏನೋ ವಿಚಾರಿಸುತ್ತಿದ್ದರು. ಅವಳು ಕಿಟಕಿಯಾಚೆ ಬೆರಳು ತೋರಿಸಿದಳು, ಸಿಸ್ಟರ್ ಕತ್ತು ಚಾಚಿ ಆ ಕಡೆ ನೋಡಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.